ಬ್ರೂಜ್–ಆಮ್‌ಸ್ಟರ್‌ಡ್ಯಾಮ್ ಅಥವಾ ಮೋಸೆಲ್: ಬಾರ್ಜಿನಲ್ಲಿ ಮಲಗಿ ಸೈಕಲ್ ತುಳಿಯಲು ಯಾವುದು?

ಎರಡರಲ್ಲೂ ಏರ್ಪಾಡು ಒಂದೇ. ಊಟ, ನಿದ್ದೆ ಬಾರ್ಜಿನಲ್ಲಿ, ಅಂದರೆ ನದಿ ಕಾಲುವೆಗಳಲ್ಲಿ ಓಡುವ ಚಪ್ಪಟೆ ತಳದ ದೋಣಿಯಲ್ಲಿ. ಬೆಳಿಗ್ಗೆ ತಿಂಡಿಯ ಮೇಜಿನಿಂದಲೇ ಮಧ್ಯಾಹ್ನದ ಬುತ್ತಿ ಕಟ್ಟಿಕೊಂಡು ನಾವು ದಂಡೆಯ ದಾರಿ ಹಿಡಿಯುತ್ತೇವೆ, ಬಾರ್ಜು ನೀರಿನ ದಾರಿ ಹಿಡಿಯುತ್ತದೆ, ಸಂಜೆ ಮುಂದಿನ ಊರಿನಲ್ಲಿ ಭೇಟಿ. ದಿನಕ್ಕೆ ಸುಮಾರು 30ರಿಂದ 50 ಕಿಲೋಮೀಟರ್ ತುಳಿತ. ಸೂಟ್‌ಕೇಸ್ ಬಿಚ್ಚುವುದು ಒಂದೇ ಸಲ. ಎರಡೂ ಮುಗಿಸಿ ಬಂದ ಮೇಲೆ ನನ್ನ ಹೆಂಡತಿಯ ಓಟು ಜರ್ಮನಿಯ ಮೋಸೆಲ್ ನದಿಯ ದಾರಿಗೆ, ನನ್ನದು ಬೆಲ್ಜಿಯಂನ ಬ್ರೂಜ್‌ನಿಂದ ನೆದರ್‌ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗುವ ದಾರಿಗೆ. ಬರೆಯುತ್ತಿರುವವನು ನಾನಾದ್ದರಿಂದ ತಕ್ಕಡಿ ಸ್ವಲ್ಪ ಈ ಕಡೆ ವಾಲಿದರೆ ಕ್ಷಮಿಸಿ.

ಮೊದಲು ಕಾಲಿನ ಮಾತು. ಹಾಲೆಂಡ್ ಚಪ್ಪಟೆ, ಆದ್ದರಿಂದ ಸುಲಭ ಎನ್ನುವವರು ಅಲ್ಲಿ ನೀರು ತಡೆಯಲು ಕಟ್ಟಿದ ಏರಿಗಳ ಮೇಲೆ ಎದುರುಗಾಳಿಯಲ್ಲಿ ಸೈಕಲ್ ತುಳಿದವರಲ್ಲ. ಏರಿಯ ಮೇಲೆ ಮರವಿಲ್ಲ, ಮನೆಯಿಲ್ಲ, ಗಾಳಿಗೆ ಅಡ್ಡ ಬರುವುದು ನಾವೊಬ್ಬರೇ. ಬೆಟ್ಟವಾದರೆ ಹತ್ತಿದ ಮೇಲೆ ಇಳಿಜಾರಾದರೂ ಸಿಗುತ್ತದೆ, ಎದುರುಗಾಳಿಗೆ ಆ ದಾಕ್ಷಿಣ್ಯವೂ ಇಲ್ಲ. ಈ ಸೀಮೆಯಲ್ಲಿ ಹೆಚ್ಚಾಗಿ ಬೀಸುವುದು ನೈಋತ್ಯದ ಗಾಳಿ, ಬ್ರೂಜ್ ಇರುವುದು ಆಮ್‌ಸ್ಟರ್‌ಡ್ಯಾಮ್‌ನ ನೈಋತ್ಯಕ್ಕೆ. ಬಾರ್ಜುಗಳು ಒಂದು ವಾರ ಆ ಕಡೆಯಿಂದ, ಮರುವಾರ ಈ ಕಡೆಯಿಂದ ಹೊರಡುತ್ತವೆ, ದರ ಒಂದೇ. ಹಾಗಿದ್ದ ಮೇಲೆ ಬೆನ್ನಿಗೆ ಗಾಳಿ ಸಿಗುವಂತೆ ಬ್ರೂಜ್‌ನಿಂದ ಹೊರಡುವುದೇ ಸರಿ ಎಂದು ನಾವು ಹಾಗೇ ಹೊರಟೆವು. ಗಾಳಿ ಪಂಚಾಂಗ ನೋಡಿ ಬೀಸುವುದಿಲ್ಲ, ಒಂದು ಮಧ್ಯಾಹ್ನ ಉತ್ತರದಿಂದಲೇ ತಿರುಗಿತು. ಉಳಿದಂತೆ ಲೆಕ್ಕ ತಪ್ಪಲಿಲ್ಲ.

ಮೋಸೆಲ್‌ನಲ್ಲಿ ಈ ಚಿಂತೆಯೇ ಇಲ್ಲ. ಕಣಿವೆ ಆಳ, ನದಿ ಹಾವಿನಂತೆ ಹೊರಳುತ್ತದೆ, ಒಂದು ತಿರುವಿನಲ್ಲಿ ಎದುರಾದ ಗಾಳಿ ಮುಂದಿನ ತಿರುವಿನಲ್ಲಿ ಬೆನ್ನಿಗಿರುತ್ತದೆ. ಈ ದಾರಿಯ ಎರಡು ತುದಿಯ ಊರುಗಳಾದ ಟ್ರಿಯರ್‌ನಿಂದ ಕೋಬ್ಲೆನ್ಸ್‌ಗೆ ನೆಟ್ಟಗೆ ಅಳೆದರೆ 100 ಕಿಲೋಮೀಟರ್ ಆಸುಪಾಸು, ನದಿಯ ಜೊತೆ ಹೋದರೆ ಹೆಚ್ಚುಕಡಿಮೆ ಅದರ ಎರಡರಷ್ಟು. ದಾರಿ ನೀರಿನ ಪಕ್ಕದಲ್ಲೇ ಸಮತಟ್ಟಾಗಿ ಸಾಗುತ್ತದೆ. ತಲೆಯೆತ್ತಿದರೆ ದ್ರಾಕ್ಷಿತೋಟಗಳು ಗೋಡೆಯಂತೆ ನಿಂತಿರುತ್ತವೆ. ಬ್ರೆಮ್ ಹಳ್ಳಿಯ ಕಾಲ್ಮೋಂಟ್ ಇಳಿಜಾರು ಯುರೋಪಿನ ಅತಿ ಕಡಿದಾದ ದ್ರಾಕ್ಷಿತೋಟಗಳಲ್ಲೊಂದು. ಅಲ್ಲಿ ಕೊಯ್ಲು ಮಾಡುವವರು ಹೇಗೆ ನಿಲ್ಲುತ್ತಾರೋ ಎಂದು ನೋಡುತ್ತಾ ಸೈಕಲ್ ದಾರಿ ಬಿಟ್ಟು ಹುಲ್ಲಿಗಿಳಿದವರು ನಮ್ಮ ಗುಂಪಿನಲ್ಲೇ ಇದ್ದರು.

ದಾರಿ ಹುಡುಕುವ ವಿಷಯದಲ್ಲಿ ಮಾತ್ರ ಬೆಲ್ಜಿಯಂನ ಉತ್ತರ ಭಾಗವಾದ ಫ್ಲಾಂಡರ್ಸ್ ಮತ್ತು ಹಾಲೆಂಡಿಗೆ ಸಾಟಿಯಿಲ್ಲ. ಅಲ್ಲಿ ಸೈಕಲ್ ದಾರಿಗಳು ಕೂಡುವ ಪ್ರತಿ ಕವಲಿಗೂ ಒಂದು ನಂಬರು. ಬೆಳಿಗ್ಗೆ ಗೈಡ್ ಹೇಳಿದ ನಂಬರುಗಳನ್ನು ಚೀಟಿಯಲ್ಲಿ ಬರೆದು ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡರೆ ಸಾಕು. ಫೋನ್ ಜೇಬಿನಲ್ಲೇ ಉಳಿಯಿತು. ಈ ಏರ್ಪಾಟನ್ನು ಯೋಚಿಸಿದವರು ಬೆಲ್ಜಿಯಂನ ಲಿಂಬರ್ಗ್ ಪ್ರಾಂತದ ಗಣಿ ಎಂಜಿನಿಯರ್ ಹ್ಯೂಗೋ ಬೊಲೆನ್. ಮೊದಲ ಜಾಲ ಅಲ್ಲೇ 1995ರಲ್ಲಿ ಶುರುವಾಯಿತು. ಮೋಸೆಲ್‌ನಲ್ಲಿ ನಂಬರಿನ ಅಗತ್ಯವಿಲ್ಲ, ನದಿಯೇ ದಾರಿ. ಯಾವ ದಂಡೆಯಲ್ಲಿ ಹೋಗಬೇಕು, ಯಾವ ಸೇತುವೆಯಲ್ಲಿ ದಾಟಬೇಕು ಎಂಬುದಷ್ಟೇ ಪ್ರಶ್ನೆ.

ಊರುಗಳಿಗೆ ಬಂದರೆ ಜಗಳ ಶುರು. ಬ್ರೂಜ್‌ನಿಂದ ಹೊರಟವರಿಗೆ ಇನ್ನೊಂದು ಲಾಭವಿದೆ: ದುಡ್ಡು ಊರಿಂದೂರಿಗೆ ಸಾಗಿದ ಕ್ರಮದಲ್ಲೇ ಸೈಕಲ್ಲೂ ಸಾಗುತ್ತದೆ. ಮಧ್ಯಯುಗದಲ್ಲಿ ಉತ್ತರ ಯುರೋಪಿನ ವ್ಯಾಪಾರವೆಲ್ಲ ಬ್ರೂಜ್‌ನಲ್ಲಿತ್ತು. ಸಮುದ್ರಕ್ಕೆ ದಾರಿಯಾಗಿದ್ದ ಜ್ವಿನ್ ಹಿನ್ನೀರು ಹೂಳು ತುಂಬಿಕೊಂಡಂತೆ ಹಡಗುಗಳು ಆಂಟ್‌ವರ್ಪ್‌ಗೆ ಹೋದವು. 1585ರಲ್ಲಿ ಆಂಟ್‌ವರ್ಪ್ ಸ್ಪೇನಿನ ಕೈಸೇರಿತು, ಡಚ್ಚರು ಆ ಊರನ್ನು ಸಮುದ್ರಕ್ಕೆ ಸೇರಿಸುವ ಸ್ಖೆಲ್ಡ್ ನದಿಯ ಬಾಯಲ್ಲಿ ಹಡಗುಗಳನ್ನು ತಡೆದರು, ವ್ಯಾಪಾರಿಗಳು ಗಂಟುಮೂಟೆ ಕಟ್ಟಿಕೊಂಡು ಆಮ್‌ಸ್ಟರ್‌ಡ್ಯಾಮ್ ಸೇರಿದರು. ಬ್ರೂಜ್ ಇವತ್ತು ಅಷ್ಟು ಚಂದ ಉಳಿದಿರುವುದಕ್ಕೆ ಮುಖ್ಯ ಕಾರಣ ಆಮೇಲಿನ ಬಡತನ: ಹಳೆಯದನ್ನು ಕೆಡವಿ ಹೊಸದು ಕಟ್ಟಲು ಯಾರ ಹತ್ತಿರವೂ ಹಣವಿರಲಿಲ್ಲ. ಇದನ್ನು ತಿಳಿದುಕೊಂಡು ತುಳಿದರೆ ಒಂದೊಂದು ಊರಿನ ಮಾರುಕಟ್ಟೆ ಚೌಕವೂ ಮಾತಾಡುತ್ತದೆ.

ನಡುವೆ ಸಿಗುವ ಗೆಂಟ್‌ನಲ್ಲಿ ವಾನ್ ಐಕ್ ಸೋದರರ 1432ರ ಬಲಿಪೀಠದ ಚಿತ್ರವಿದೆ. ಅದಕ್ಕೆ ಮೊದಲೇ ಸಮಯ ಕಾಯ್ದಿರಿಸಿಕೊಳ್ಳಿ. ಆಂಟ್‌ವರ್ಪ್‌ನಲ್ಲಿ ನನಗೆ ಚಿತ್ರಕಾರ ರೂಬೆನ್ಸ್‌ಗಿಂತ ಹಿಡಿಸಿದ್ದು ಸ್ಖೆಲ್ಡ್ ನದಿಯ ಅಡಿಯಲ್ಲಿ 1933ರಲ್ಲಿ ತೆರೆದ ಸುರಂಗ. ಕಾಲ್ನಡಿಗೆಯವರಿಗೆ ಮತ್ತು ಸೈಕಲ್‌ಗಳಿಗೆ ಮಾತ್ರ, ಉದ್ದ 572 ಮೀಟರ್. ಇಳಿಯಲು ಅದೇ ಕಾಲದ ಮರದ ಎಸ್ಕಲೇಟರ್. ಸೈಕಲ್ಲಿನ ಬ್ರೇಕ್ ಬಿಗಿಹಿಡಿದು ಅದರ ಮೇಲೆ ನಿಂತರೆ ಕಾಲಡಿ ಹಲಗೆ ಕಟಕಟ ಎನ್ನುತ್ತದೆ. ಮುಂದೆ ಡೋರ್ಡ್ರೆಖ್ಟ್‌ನಲ್ಲಿ ಮೂರು ನದಿಗಳು ಕೂಡುವ ಮೂಲೆಯಲ್ಲಿ ಕೂತರೆ ಸರಕು ಹಡಗುಗಳ ಸಾಲು ಮುಗಿಯುವುದೇ ಇಲ್ಲ. ಕಿಂಡರ್‌ಡೈಕ್‌ನ 19 ಗಾಳಿಗಿರಣಿಗಳನ್ನು ನೋಡಲು ಬಸ್ಸಿನವರು ಬರುವ ಮೊದಲೇ ಹೋಗಬೇಕು. ಹಾಗೆ ಹೋಗಲು ಆಗುವುದು ಹತ್ತಿರದಲ್ಲೇ ಬಾರ್ಜಿನಲ್ಲಿ ಮಲಗಿದ್ದವರಿಗೆ ಮಾತ್ರ.

ಮೋಸೆಲ್ ಊರುಗಳಿಗೆ ಇಂಥ ಕಥೆಯ ಎಳೆ ಇಲ್ಲ, ಆದರೆ ಬೇರು ಇನ್ನೂ ಹಳೆಯದು. ಟ್ರಿಯರ್‌ನ ಸೇತುವೆಯ ಕಂಬಗಳು ಎರಡನೇ ಶತಮಾನದ ರೋಮನರವು, ಇಂದಿಗೂ ಅವುಗಳ ಮೇಲೆ ವಾಹನ ಓಡುತ್ತದೆ. ನೊಯ್‌ಮಾಗನ್‌ನಲ್ಲಿ ಸಿಕ್ಕ ರೋಮನ್ ಕಾಲದ, ಕಲ್ಲಿನಲ್ಲಿ ಕೆತ್ತಿದ ದ್ರಾಕ್ಷಾರಸದ ಹಡಗು ಟ್ರಿಯರ್‌ನ ಮ್ಯೂಸಿಯಂನಲ್ಲಿದೆ: ಪೀಪಾಯಿಗಳ ಸಾಲು, ಹುಟ್ಟು ಹಾಕುವವರ ಸಾಲು. ಬೆರ್ನ್‌ಕಾಸ್ಟೆಲ್‌ನಲ್ಲಿ 1416ರ ಒಂದು ಮರದ ಚೌಕಟ್ಟಿನ ಮನೆ ಬುಡದಲ್ಲಿ ಸಣ್ಣದು, ಮೇಲೆ ದೊಡ್ಡದು. ಕೋಖೆಮ್‌ನ ಕೋಟೆಯ ಬಗ್ಗೆ ನಮ್ಮಿಬ್ಬರಿಗೂ ಇಂದಿಗೂ ವಾದ. ಹಳೆಯ ಕೋಟೆಯನ್ನು ಫ್ರೆಂಚರು 1689ರಲ್ಲಿ ಉಡಾಯಿಸಿದರು, ಈಗ ಕಾಣುವುದು 1868ರಿಂದ ಬರ್ಲಿನ್‌ನ ಶ್ರೀಮಂತನೊಬ್ಬ ತನ್ನ ರುಚಿಗೆ ಕಟ್ಟಿಸಿದ್ದು. ನನಗೆ ಅದು ನಾಟಕದ ಪರದೆ. "ಚೆನ್ನಾಗಿದೆಯೋ ಇಲ್ಲವೋ ಅಷ್ಟು ಹೇಳಿ, ಇಸವಿ ಕಟ್ಟಿಕೊಂಡು ಏನಾಗಬೇಕು" ಎನ್ನುತ್ತಾಳೆ ಅವಳು. ಚೆನ್ನಾಗಿದೆ, ಒಪ್ಪುತ್ತೇನೆ.

ಬಾರ್ಜಿಗೂ ಸೈಕಲ್ಲಿಗೂ ಇರುವ ನಂಟಿನಲ್ಲಿ ಮೋಸೆಲ್ ಗೆಲ್ಲುತ್ತದೆ. ಅಲ್ಲಿ ಟ್ರಿಯರ್–ಕೋಬ್ಲೆನ್ಸ್ ನಡುವೆ ಹತ್ತು ಲಾಕ್‌ಗಳಿವೆ, ಅಂದರೆ ಹಡಗನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಇಳಿಸುವ, ಏರಿಸುವ ಬಾಗಿಲಿನ ತೊಟ್ಟಿಗಳು. ಬಾಗಿಲು ಮುಚ್ಚಿ, ನೀರಿಳಿಸಿ, ಎದುರು ಬಾಗಿಲು ತೆರೆಯುವ ಹೊತ್ತಿಗೆ ಸೈಕಲ್ಲಿನವರು ಬಾರ್ಜನ್ನು ಹಿಂದೆ ಹಾಕುತ್ತಾರೆ, ನಾವು ಕಾಫಿಗೆ ಕೂತಾಗ ಅದು ಮುಂದೆ ಹೋಗುತ್ತದೆ. ಮಂಡಿ ನೋವು ಬಂದ ದಿನ ಹತ್ತಿ ಡೆಕ್ಕಿನ ಮೇಲೆ ಕೂತರೂ ನೋಟ ಒಂದಿಷ್ಟೂ ತಪ್ಪುವುದಿಲ್ಲ. ಆ ಕಡೆ ಹಾಲೆಂಡಿನಲ್ಲಿ ಬಾರ್ಜು ಬೆಳಿಗ್ಗೆ ದೊಡ್ಡ ಕಾಲುವೆಗೆ ಹೋದರೆ ಸಂಜೆಯೇ ಕಾಣುವುದು. ಅದರಲ್ಲೇ ಉಳಿದವರಿಗೆ ದಿನವಿಡೀ ಏರಿಯ ಹುಲ್ಲು, ಕಾರ್ಖಾನೆಯ ಗೋಡೆ. ಜೊತೆಯಲ್ಲಿ ಸೈಕಲ್ ತುಳಿಯದ ಅಪ್ಪ ಅಮ್ಮ ಇದ್ದರೆ ಯೋಚಿಸದೆ ಮೋಸೆಲ್ ಆರಿಸಿ.

ಡ್ಯಾನ್ಯೂಬ್ ನದಿಯ ಪಾಸೌ–ವಿಯೆನ್ನಾ ದಾರಿಯನ್ನೂ ಮಾಡಿದ್ದೇವೆ, ಆದರೆ ಅಲ್ಲಿ ನಾವು ಹೋದದ್ದು ಬಾರ್ಜಿನಲ್ಲಲ್ಲ, ನೂರಕ್ಕೂ ಹೆಚ್ಚು ಜನರ ಹಡಗಿನಲ್ಲಿ. ಮೆಲ್ಕ್ ಮಠದಿಂದ ಕ್ರೆಮ್ಸ್‌ವರೆಗಿನ ವಾಖಾವ್ ಕಣಿವೆ ಈ ಮೂರರಲ್ಲೇ ಅತಿ ಚೆಲುವಾದ ಒಂದು ದಿನ. ಉಳಿದದ್ದು ತೇಲುವ ಹೋಟೆಲು: ಬೆಳಿಗ್ಗೆ ಸೈಕಲ್ ಇಳಿಸಲು ಕ್ಯೂ, ಊಟಕ್ಕೆ ಕ್ಯೂ.

ಹಳೆಯ ಸರಕು ಬಾರ್ಜುಗಳಲ್ಲಿ ಇಪ್ಪತ್ತು ಮೂವತ್ತು ಜನರಷ್ಟೇ. ಎರಡನೇ ದಿನಕ್ಕೆ ಅಡುಗೆಯವರಿಗೆ ನಿಮ್ಮ ಹೆಸರು ಗೊತ್ತಿರುತ್ತದೆ. ಸಸ್ಯಾಹಾರವೆಂದು ಬುಕ್ ಮಾಡುವಾಗಲೇ ಬರೆದು, ಮೊಟ್ಟೆ ಮೀನಿನ ವಿಷಯವನ್ನೂ ಬಿಡಿಸಿ ಹೇಳಿ. ಕ್ಯಾಬಿನ್ ಚಿಕ್ಕದು, ಇಬ್ಬರೂ ಒಟ್ಟಿಗೆ ಎದ್ದು ನಿಂತು ಬಟ್ಟೆ ಹಾಕಿಕೊಳ್ಳಲು ಆಗುವುದಿಲ್ಲ. ಕ್ಯಾಬಿನ್ ಆರಿಸುವ ಅವಕಾಶ ಕೊಟ್ಟರೆ ಎಂಜಿನ್ ಇರುವ ಹಿಂಭಾಗ ಬಿಟ್ಟು ಮುಂದಿನದನ್ನು ಕೇಳಿ. ಇ-ಬೈಕ್ ಬೇಕಿದ್ದರೆ ಅದನ್ನೂ ಆಗಲೇ ಹೇಳಬೇಕು. ಬಾರ್ಜಿನಲ್ಲಿ ಅವು ಕೆಲವೇ ಇರುತ್ತವೆ, ಬೇಗ ಮುಗಿದುಹೋಗುತ್ತವೆ.