ಕಂಪನಿ ಕಾಲದ ಸೇನಾಧಿಕಾರಿ ಪೂರ್ವಜರ ಹುಡುಕಾಟಕ್ಕೆ ಫಿಬಿಸ್: ಮಂಗಳೂರಿನಿಂದ ಬಳಸಿ ನೋಡಿದ ಮೇಲೆ

ಬ್ರಿಟಿಷ್ ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಪೂರ್ವಜರೊಬ್ಬರ ಜಾಡು ಹಿಡಿಯಲು ಹೊರಟವರು ಎಲ್ಲಕ್ಕಿಂತ ಮೊದಲು ತೆರೆದು ನೋಡಬೇಕಾದ ಜಾಲತಾಣ ಫಿಬಿಸ್ ಎಂಬುದು ನನ್ನ ಅಭಿಪ್ರಾಯ. ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿ ಎಂಬ ಉದ್ದ ಹೆಸರಿನ ಈ ಸಂಸ್ಥೆ 1998ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾಯಿತು. ಹಳೆಯ ರಿಜಿಸ್ಟರುಗಳನ್ನು ಓದಿ ಅದರ ಪಟ್ಟಿಗಳಿಗೆ ಹೆಸರು ತುಂಬುತ್ತಿರುವವರು ಸ್ವಯಂಸೇವಕರು. ಸದಸ್ಯರಿಗೆ ಹೆಚ್ಚಿನ ಸೌಲಭ್ಯಗಳಿವೆಯಾದರೂ ಹೆಸರು ಹಾಕಿ ಹುಡುಕುವುದಕ್ಕೆ ಯಾರೂ ದುಡ್ಡು ಕೊಡಬೇಕಾಗಿಲ್ಲ. ನಮ್ಮ ಮನೆತನದ ಒಂದು ಹಳೆಯ ಮಾತನ್ನು ಒರೆಗೆ ಹಚ್ಚಲು ನಾನು ಇದನ್ನು ಬಳಸಿದ್ದೇನೆ.

ಆ ಮಾತು ಹೀಗಿತ್ತು: ನಮ್ಮ ಪಿಜ್ಜಿಯ (ಮುತ್ತಜ್ಜಿಯ) ಅಜ್ಜ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕರ್ನಲ್ ದೊರೆ. ಕುಟುಂಬದ ಬೈಬಲಿನ ಮೊದಲ ಹಾಳೆಯಲ್ಲಿ ಪಿಜ್ಜಿಯ ತಾಯಿಯ ಹೆಸರೂ ದೀಕ್ಷಾಸ್ನಾನದ ತಾರೀಖೂ ಇದ್ದುದರಿಂದ ಅಲ್ಲಿಂದಲೇ ಆರಂಭಿಸಿದೆ. ಫಿಬಿಸ್‌ನ ಪಟ್ಟಿಯಲ್ಲಿ ಅದಕ್ಕೆ ಸರಿಹೊಂದುವ ನಮೂದು 1840ರ ದಶಕದಲ್ಲಿ ಸಿಕ್ಕಿತು. ತಂದೆಯ ಹೆಸರಿನ ಮುಂದೆ ಇದ್ದ ಹುದ್ದೆ ಮದ್ರಾಸ್ ನೇಟಿವ್ ಇನ್‌ಫೆಂಟ್ರಿಯ, ಅಂದರೆ ಕಂಪನಿಯ ಸಿಪಾಯಿಗಳ ಕಾಲಾಳು ಪಡೆಯ, ಲೆಫ್ಟಿನೆಂಟ್. ಶ್ರೀರಂಗಪಟ್ಟಣ ಬಿದ್ದದ್ದು 1799ರಲ್ಲಿ. ಅದಾಗಿ ನಾಲ್ಕು ದಶಕ ಕಳೆದ ಮೇಲೂ ಲೆಫ್ಟಿನೆಂಟ್ ಆಗಿಯೇ ಇದ್ದವರು ಆ ಕೋಟೆಯ ಗೋಡೆ ಹತ್ತಿರಲಾರರು. ಕರ್ನಲರಿಗೆ ದೊರೆತ ಈ ಮರಣೋತ್ತರ ಹಿಂಬಡ್ತಿ ನಮ್ಮ ದೊಡ್ಡಮ್ಮನಿಗೆ ಇನ್ನೂ ಒಪ್ಪಿಗೆಯಾಗಿಲ್ಲ.

ಫಿಬಿಸ್ ಕೊಡುವ ಫಲಿತಾಂಶದ ಸ್ವರೂಪವನ್ನು ಮೊದಲೇ ತಿಳಿದುಕೊಂಡರೆ ನಿರಾಸೆ ಕಡಿಮೆಯಾಗುತ್ತದೆ. ಹೆಚ್ಚಿನ ಕಡೆ ಅಲ್ಲಿ ಮೂಲ ಪುಟದ ಚಿತ್ರ ಇರುವುದಿಲ್ಲ. ಹೆಸರು, ವರ್ಷ, ಊರು ಮತ್ತು ಕೊನೆಯಲ್ಲಿ ಒಂದು ಉಲ್ಲೇಖ ಸಂಖ್ಯೆ ಇರುವ ಚಿಕ್ಕ ನಮೂದು ಇರುತ್ತದೆ. ಹೊಸಬರು ಹೆಸರನ್ನು ಮಾತ್ರ ಬರೆದುಕೊಂಡು ಸಂಖ್ಯೆಯನ್ನು ಬಿಟ್ಟುಬಿಡುವುದುಂಟು, ಆದರೆ ಬೆಲೆಯುಳ್ಳದ್ದು ಆ ಸಂಖ್ಯೆಯೇ. ಈಸ್ಟ್ ಇಂಡಿಯಾ ಕಂಪನಿಯ ಆಡಳಿತದಲ್ಲಿದ್ದ ಚರ್ಚುಗಳ ದೀಕ್ಷಾಸ್ನಾನ, ಮದುವೆ ಮತ್ತು ಸಮಾಧಿ ದಾಖಲೆಗಳ ನಕಲುಗಳು ಲಂಡನ್ನಿಗೆ ಹೋಗುತ್ತಿದ್ದವು. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಅಲ್ಲಿ ಎನ್/1 ಎಂದರೆ ಬಂಗಾಳ, ಎನ್/2 ಎಂದರೆ ಮದ್ರಾಸ್, ಎನ್/3 ಎಂದರೆ ಬೊಂಬಾಯಿ. ಅದರ ಮುಂದಿನ ಅಂಕಿಗಳು ಸಂಪುಟವನ್ನೂ ಹಾಳೆಯನ್ನೂ ತೋರಿಸುತ್ತವೆ. ಮಂಗಳೂರು, ಉಡುಪಿ, ಕುಂದಾಪುರಗಳಲ್ಲಿ ನಡೆದ ಸಂಗತಿಗಳನ್ನು ಎನ್/2ರಲ್ಲಿ ಹುಡುಕಬೇಕು, ಏಕೆಂದರೆ ದಕ್ಷಿಣ ಕನ್ನಡ ಸ್ವಾತಂತ್ರ್ಯದವರೆಗೂ ಮದ್ರಾಸ್ ಪ್ರಾಂತ್ಯಕ್ಕೇ ಸೇರಿತ್ತು. ಕಾರವಾರ, ಕುಮಟಾ, ಹೊನ್ನಾವರಗಳ ಕಡೆಯ ಪೂರ್ವಜರಾದರೆ ಉತ್ತರ ಕನ್ನಡ 1862ರಲ್ಲಿ ಬೊಂಬಾಯಿ ಪ್ರಾಂತ್ಯಕ್ಕೆ ಹೋದದ್ದನ್ನು ನೆನಪಿಟ್ಟುಕೊಂಡು ಎನ್/3ನ್ನೂ ನೋಡಬೇಕಾಗುತ್ತದೆ. ಇಂಥ ಆಡಳಿತದ ಗಡಿಗಳನ್ನು ಹುಡುಕುವ ಯಂತ್ರ ತಾನಾಗಿ ಹೇಳಿಕೊಡುವುದಿಲ್ಲ.

ನನಗೆ ಹುಡುಕು ಪಟ್ಟಿಗಿಂತಲೂ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ ಸಂಸ್ಥೆಯ ಫಿಬಿವಿಕಿ ಎಂಬ ವಿಶ್ವಕೋಶ. "ಬ್ರಿಟಿಷ್ ಸೈನ್ಯ" ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವುದು ವಾಸ್ತವದಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗಳು ಎಂಬ ತಿಳಿವಳಿಕೆಯಿಲ್ಲದೆ ಈ ಹುಡುಕಾಟ ಒಂದು ಹೆಜ್ಜೆಯೂ ಮುಂದೆ ಹೋಗದು. ರಾಜನ ಸೈನ್ಯದ ರೆಜಿಮೆಂಟುಗಳು ಭಾರತಕ್ಕೆ ಬಂದು ಹೋಗುತ್ತಿದ್ದವು. ಅವುಗಳ ಅಧಿಕಾರಿಗಳಲ್ಲಿ ಬಹುಪಾಲು ಜನ ಹುದ್ದೆಯನ್ನು ಹಣ ಕೊಟ್ಟು ಕೊಳ್ಳುತ್ತಿದ್ದರು, 1871ರಲ್ಲಿ ಆ ಪದ್ಧತಿ ನಿಂತಿತು. ಅವರ ಕಾಗದಪತ್ರಗಳು ಲಂಡನ್ನಿನ ಕ್ಯೂ ಪ್ರದೇಶದಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಕಂಪನಿಯ ಸೈನ್ಯಕ್ಕೆ ಸೇರುವ ಹುಡುಗನಿಗೆ ಬೇಕಾಗಿದ್ದದ್ದು ಕಂಪನಿಯ ನಿರ್ದೇಶಕರೊಬ್ಬರ ಶಿಫಾರಸು. ರೆಜಿಮೆಂಟಿನೊಳಗೆ ಬಡ್ತಿ ಸಿಗುತ್ತಿದ್ದದ್ದು ಹಿರಿತನದ ಮೇಲೆ. ಈ ಕೆಡೆಟ್‌ಗಳು ಸಲ್ಲಿಸಿದ ಅರ್ಜಿಗಳು 1789ರಿಂದ 1860ರವರೆಗಿನ ಅವಧಿಯವು ಉಳಿದುಬಂದಿದ್ದು, ಇಂಡಿಯಾ ಆಫೀಸ್ ದಾಖಲೆಗಳ ಎಲ್/ಮಿಲ್/9 ಎಂಬ ಸರಣಿಯಲ್ಲಿವೆ. ಸಾಮಾನ್ಯವಾಗಿ ಅರ್ಜಿಯ ಜೊತೆಗೆ ಹುಡುಗನ ದೀಕ್ಷಾಸ್ನಾನದ ಪ್ರಮಾಣಪತ್ರವೂ ತಂದೆತಾಯಿಯರ ವಿವರವೂ ಇರುವುದರಿಂದ ಬ್ರಿಟನ್ನಿನ ಯಾವ ಊರಿನ ಯಾವ ಮನೆಯಿಂದ ಈತ ಬಂದ ಎಂಬ ಪ್ರಶ್ನೆಗೆ ಇಷ್ಟು ನೇರವಾಗಿ ಉತ್ತರ ಕೊಡುವ ಕಾಗದ ಇನ್ನೊಂದಿಲ್ಲ. ನಮ್ಮ ಲೆಫ್ಟಿನೆಂಟರು ನೇಟಿವ್ ಇನ್‌ಫೆಂಟ್ರಿಯವರಾದ್ದರಿಂದ ಕಂಪನಿಯವರು. ಅವರನ್ನು ಕ್ಯೂನಲ್ಲಿ ಹುಡುಕಿದ್ದರೆ ಸಮಯ ವ್ಯರ್ಥವಾಗುತ್ತಿತ್ತು. ರಾಜನ ಸೈನ್ಯದವರಾದರೆ 1839ರಲ್ಲಿ ಆರಂಭವಾದ ಹಾರ್ಟ್ ಅವರ ಸೇನಾಪಟ್ಟಿಯನ್ನು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಉಚಿತವಾಗಿ ಓದಬಹುದು.

ಈ ವಿಂಗಡಣೆ ಎಷ್ಟು ತೊಡಕಿನದಾಗಬಹುದು ಎಂಬುದಕ್ಕೆ ಮಂಗಳೂರಿನಲ್ಲೇ 1800ರ ನವೆಂಬರ್‌ನಲ್ಲಿ ತೀರಿಕೊಂಡ ಬ್ರಿಗೇಡಿಯರ್ ಜನರಲ್ ಜಾನ್ ಕಾರ್ನಾಕ್ ಒಳ್ಳೆಯ ಉದಾಹರಣೆ. ಅವರು ಭಾರತಕ್ಕೆ ಬಂದದ್ದು ರಾಜನ 39ನೆಯ ರೆಜಿಮೆಂಟಿನೊಂದಿಗೆ. 1758ರಲ್ಲಿ ಕಂಪನಿಯ ಸೇವೆಗೆ ಸೇರಿ ಬಂಗಾಳದಲ್ಲಿ ಸೇನಾಪತಿಯಾದರು. ಆಮೇಲೆ ಬೊಂಬಾಯಿಯ ಮಂಡಳಿಯಲ್ಲಿದ್ದು, ಮರಾಠರಿಗೆ ಮಣಿದು ಮಾಡಿಕೊಂಡ 1779ರ ವಡ್ಗಾಂವ್ ಒಪ್ಪಂದದ ಅವಮಾನದ ನಂತರ ಕಂಪನಿಯಿಂದ ವಜಾ ಆದರು. ಪ್ರಾಣ ಬಿಟ್ಟದ್ದು ಆಗಷ್ಟೇ ಮದ್ರಾಸಿನ ಆಡಳಿತಕ್ಕೆ ಬಂದಿದ್ದ ಕೆನರಾದಲ್ಲಿ. ಒಬ್ಬ ವ್ಯಕ್ತಿಯ ಬದುಕು ರಾಜನ ಕಡತಗಳಲ್ಲೂ ಮೂರೂ ಪ್ರಾಂತ್ಯಗಳ ಕಡತಗಳಲ್ಲೂ ಹಂಚಿಹೋಗಿದೆ. ಅವರ ಹೆಸರಿನ ಕಥೆಯಂತೂ ವಂಶವೃಕ್ಷ ಬರೆಯುವವರು ಗೋಡೆಗೆ ಅಂಟಿಸಿಕೊಳ್ಳಬೇಕಾದದ್ದು. ಕಾರ್ನಾಕ್ ತಮ್ಮ ಆಸ್ತಿಯನ್ನು ಹೆಂಡತಿಯ ತಮ್ಮ ಜೇಮ್ಸ್ ರಿವೆಟ್ ಅವರಿಗೆ ಬಿಟ್ಟುಹೋದರು, ಉಯಿಲಿನಂತೆ ಅವರು ಕಾರ್ನಾಕ್ ಹೆಸರನ್ನೂ ಧರಿಸಿದರು. ಮುಂದೆ 1839ರಿಂದ 1841ರವರೆಗೆ ಬೊಂಬಾಯಿಯ ಗವರ್ನರ್ ಆಗಿದ್ದ ಸರ್ ಜೇಮ್ಸ್ ರಿವೆಟ್ ಕಾರ್ನಾಕ್ ಆ ರಿವೆಟ್ ಅವರ ಮಗ. ಹೆಸರಿನಲ್ಲಿ ಕಾರ್ನಾಕ್ ಇದ್ದರೂ ಜನರಲ್ ಕಾರ್ನಾಕರ ರಕ್ತ ಆ ಮನೆತನದಲ್ಲಿಲ್ಲ. ಫಿಬಿಸ್‌ನಲ್ಲಿ ಕುಲನಾಮ ಹಾಕಿದ ಕೂಡಲೇ ಸಾಲುಸಾಲಾಗಿ ಬರುವ ಹೆಸರುಗಳನ್ನು ಒಂದೇ ಮರಕ್ಕೆ ತೂಗುಹಾಕುವ ಆತುರಕ್ಕೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಡ.

ಮಂಗಳೂರಿನವರಿಗೆ ವಿಶೇಷವಾಗಿ ಹೇಳಬೇಕಾದದ್ದು, ಊರಿನ ಅಂಕಣದಲ್ಲಿ ಮಂಗಳೂರು ಎಂದಷ್ಟೇ ಹುಡುಕಿ ನಿಲ್ಲಬಾರದು. ಮಲಬಾರ್ ಮತ್ತು ಕೆನರಾಗಳ ದೊಡ್ಡ ದಂಡು ಇದ್ದದ್ದು ಕಣ್ಣೂರಿನಲ್ಲಿ. 1837ರ ಏಪ್ರಿಲ್‌ನಲ್ಲಿ ಕಂಪನಿಯ ವಿರುದ್ಧ ದಂಗೆಯೆದ್ದ ಕಲ್ಯಾಣಪ್ಪನ ಕಾಟಕಾಯಿಯವರು ಮಂಗಳೂರನ್ನು ಹಿಡಿದುಕೊಂಡಾಗ ಇಲ್ಲಿದ್ದ ಸಣ್ಣ ತುಕಡಿಗೆ ನೆರವಾಗಲು ಪಲ್ಟನ್ ಬಂದದ್ದೂ ಅಲ್ಲಿಂದಲೇ. ಪಾದ್ರಿಗಳಿಲ್ಲದ ಠಾಣೆಗಳಲ್ಲಿ ಅಧಿಕಾರಿಗಳೇ ಪ್ರಾರ್ಥನೆ ಓದಿ ಮಗುವಿಗೆ ಹೆಸರಿಡುವುದೂ ಶವಸಂಸ್ಕಾರ ನಡೆಸುವುದೂ ಇತ್ತು, ಆಮೇಲೆ ದೊಡ್ಡ ಠಾಣೆಯ ಪಾದ್ರಿಗಳು ಬಂದಾಗ ದೀಕ್ಷಾಸ್ನಾನ ಆಗುತ್ತಿತ್ತು. ಆದ್ದರಿಂದ ಮಂಗಳೂರಿನಲ್ಲಿ ಹುಟ್ಟಿದ ಮಗುವಿನ ಹೆಸರು ಕಣ್ಣೂರಿನ ಅಥವಾ ತಲಶ್ಶೇರಿಯ ಪುಟದಲ್ಲಿ, ಹುಟ್ಟಿ ಎಷ್ಟೋ ಕಾಲದ ನಂತರದ ತಾರೀಖಿನಲ್ಲಿ ಸಿಗಬಹುದು. ಊರನ್ನು ಖಾಲಿ ಬಿಟ್ಟು ವರ್ಷಗಳ ಮಿತಿಯನ್ನು ಅಗಲಿಸಿ ಹುಡುಕುವುದು ಲೇಸು.

ಇನ್ನು ಈ ಸೇವೆಯ ದೊಡ್ಡ ಕೊರತೆ. ನಾನು ಕಂಡ ನಮೂದಿನಲ್ಲಿ ತಂದೆಯ ಹೆಸರು, ಹುದ್ದೆ, ಪಲ್ಟನ್ನಿನ ಸಂಖ್ಯೆ ಎಲ್ಲವೂ ಇದ್ದವು, ತಾಯಿಯ ಜಾಗ ಮಾತ್ರ ಖಾಲಿ. ಕುಟುಂಬದ ಮಾತಿನ ಪ್ರಕಾರ ಆಕೆ ಮಂಗಳೂರಿನ ಬೋಳೂರಿನ ಕಡೆಯವಳು. ಇಲ್ಲಿನ ಹೆಣ್ಣುಮಕ್ಕಳಲ್ಲಿ ಅಧಿಕಾರಿಗಳಿಗೆ ಹುಟ್ಟಿದ ಮಕ್ಕಳ ದೀಕ್ಷಾಸ್ನಾನದ ದಾಖಲೆಗಳಲ್ಲಿ ತಾಯಿಯ ಹೆಸರನ್ನೇ ಬರೆಯದಿರುವುದು ಆ ಕಾಲದಲ್ಲಿ ಸಾಮಾನ್ಯವಾಗಿತ್ತು, ಆದುದರಿಂದ ತಪ್ಪು ಫಿಬಿಸ್‌ನದಲ್ಲ. ಹಾಗಿದ್ದರೂ ಇಡೀ ವ್ಯವಸ್ಥೆ ಕುಲನಾಮದ ಮೇಲೆ ನಿಂತಿರುವುದರಿಂದ, ಕುಲನಾಮವೇ ಇಲ್ಲದ ನಮ್ಮ ಕಡೆಯ ಅಜ್ಜಿಯರನ್ನು ಹುಡುಕಲು ಅದು ದಾರಿ ತೋರಿಸುವುದಿಲ್ಲ; ಮಂಗಳೂರಿನ ಬಳಕೆದಾರರ ಅರ್ಧ ವಂಶ ಅಲ್ಲಿಗೇ ಕೊನೆಗೊಳ್ಳುತ್ತದೆ. ಅಧಿಕಾರಿಗಳ ಉಯಿಲುಗಳು ಕೆಲವೊಮ್ಮೆ ಈ ಖಾಲಿಯನ್ನು ತುಂಬುತ್ತವೆ, ಏಕೆಂದರೆ ಮಗುವಿಗೂ ಅದರ ತಾಯಿಗೂ ಇಷ್ಟು ಹಣ ಎಂದು ಬರೆಯುವಾಗ ಹೆಸರು ಹೇಳಲೇಬೇಕಾಗುತ್ತದೆ. ಮದ್ರಾಸಿನಲ್ಲಿ ಸಾಬೀತಾದ ಉಯಿಲುಗಳ ನಕಲುಗಳೂ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಕುಟುಂಬ ಮುಂದೆ ಬಾಸೆಲ್ ಮಿಷನ್ನಿನ ಸಭೆಗೆ ಸೇರಿದ್ದರೆ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿರುವ ಮಿಷನ್ ಕಡತಗಳನ್ನೂ ತಮ್ಮ ಸಭೆಯ ಹಳೆಯ ರಿಜಿಸ್ಟರುಗಳನ್ನೂ ನೋಡುವುದು ಒಳ್ಳೆಯದು. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಷನರಿಗಳಿಗೆ ಊರಿನ ಹೆಣ್ಣುಮಕ್ಕಳ ಹೆಸರು ಬರೆಯಲು ಬೇಸರವಿರಲಿಲ್ಲ. ಸಭಾಪಾಲಕರನ್ನು ಮೊದಲೇ ಕಂಡು, ಬೇಕಾದ ವರ್ಷಗಳನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಅವರಿಗೂ ಅನುಕೂಲ.

ದುಡ್ಡು ಖರ್ಚು ಮಾಡುವ ಪ್ರಶ್ನೆ ಬರುವುದು ಇಷ್ಟಾದ ಮೇಲೆ. ಮೂಲ ಪುಟದ ಚಿತ್ರ ನೋಡಬೇಕೆಂದರೆ ಫೈಂಡ್‌ಮೈಪಾಸ್ಟ್ ಎಂಬ ಚಂದಾ ಆಧಾರಿತ ಜಾಲತಾಣದಲ್ಲಿ ಈ ಚರ್ಚ್ ದಾಖಲೆಗಳ ದೊಡ್ಡ ಭಾಗ ಇದೆ, ಕೆಡೆಟ್ ಅರ್ಜಿಗಳೂ ಇವೆ. ಪ್ರಾಂತ್ಯ, ಸೈನ್ಯ, ದಶಕ ಈ ಮೂರು ಖಚಿತವಾದ ಮೇಲೆ ಒಂದು ತಿಂಗಳ ಚಂದಾ ಕಟ್ಟಿ, ರಜೆಯ ದಿನಗಳಲ್ಲಿ ಕುಳಿತು, ಬೇಕಾದ ಪುಟಗಳನ್ನೆಲ್ಲ ಇಳಿಸಿಕೊಳ್ಳುವುದು ಜಾಣತನ. ವಂಶಾವಳಿ ಮಾಡಿಕೊಡುತ್ತೇವೆಂದು ಮುಂಗಡ ಪಡೆದ ಖಾಸಗಿ ಸಂಸ್ಥೆಯೊಂದು ನಮ್ಮ ಸಂಬಂಧಿಕರೊಬ್ಬರಿಗೆ ಕೊಟ್ಟದ್ದು ಫಿಬಿಸ್‌ನಲ್ಲಿ ಬಿಟ್ಟಿ ಸಿಗುವ ಸಾಲುಗಳನ್ನೇ, ಚಿನ್ನದ ಅಂಚಿನ ಕಾಗದದ ಮೇಲೆ, "ಕುಟುಂಬದ ಲಾಂಛನ"ದ ಸಮೇತ. ಇಂಗ್ಲೆಂಡಿನಲ್ಲಿ ಲಾಂಛನ ಒಬ್ಬ ವ್ಯಕ್ತಿಗೂ ಅವನ ನೇರ ವಂಶಜರಿಗೂ ಸೇರಿದ್ದೇ ಹೊರತು ಒಂದೇ ಕುಲನಾಮ ಇರುವವರಿಗೆಲ್ಲ ಸೇರಿದ್ದಲ್ಲ. ಆ ಹಾಳೆ ಈಗಲೂ ಅವರ ಚಾವಡಿಯಲ್ಲಿ ಫ್ರೇಮಿನೊಳಗಿದೆ. ಏನೂ ಹೇಳಲು ನನಗೆ ಧೈರ್ಯವಾಗಿಲ್ಲ.

ಲಂಡನ್ನಿನಲ್ಲಿ ನೆಂಟರೋ ಓದುವ ಮಕ್ಕಳೋ ಇರುವವರಿಗೆ ಇನ್ನೊಂದು ದಾರಿಯಿದೆ. ಬ್ರಿಟಿಷ್ ಲೈಬ್ರರಿಯ ಓದುಗರ ಚೀಟಿಗೆ ಶುಲ್ಕವಿಲ್ಲ. ಆದರೆ 2023ರ ಅಕ್ಟೋಬರ್‌ನ ಸೈಬರ್ ದಾಳಿಯಿಂದ ಅಲ್ಲಿನ ಸೇವೆಗಳು ಬಹಳ ಕಾಲ ಅಸ್ತವ್ಯಸ್ತವಾಗಿದ್ದವು, ಹಾಗಾಗಿ ಬೇಕಾದ ಸಂಪುಟ ತರಿಸಿಕೊಳ್ಳಲು ಸಾಧ್ಯವೇ ಎಂದು ಮೊದಲೇ ವಿಚಾರಿಸಿ ಹೋಗಲು ಹೇಳಿ. ಅವರಿಗೆ ಪೂರ್ವಜರ ಇಡೀ ಕಥೆಯನ್ನು ಬರೆದು ಕಳುಹಿಸಬೇಕಾಗಿಲ್ಲ. ಫಿಬಿಸ್‌ನ ಸಾಲಿನ ಕೊನೆಯಲ್ಲಿರುವ ಎನ್/2 ಸಂಖ್ಯೆಯನ್ನು ಸಂಪುಟ ಮತ್ತು ಹಾಳೆ ಸಮೇತ ಕಳುಹಿಸಿ, ಆ ಹಾಳೆಯ ಜೊತೆಗೆ ಅದರ ಹಿಂದಿನ ಮತ್ತು ಮುಂದಿನ ಹಾಳೆಗಳ ಫೋಟೋವನ್ನೂ ಕೇಳಿ. ಒಡಹುಟ್ಟಿದವರ ದೀಕ್ಷಾಸ್ನಾನ ಅದೇ ದಿನ ಒಟ್ಟಿಗೆ ಆಗಿರುವುದು ಅಪರೂಪವಲ್ಲ.