ಸಾವಿನ ಮನೆಗೆ ಬಾಂಡ್ ಪೇಪರ್ ತರುವವರ ಬಗ್ಗೆ ಎಚ್ಚರ

ಕಟ್ಟಡದ ಕೆಲಸದಲ್ಲಿ ನಿಮ್ಮವರು ಯಾರಾದರೂ ತೀರಿಕೊಂಡು, ಕಂಟ್ರಾಕ್ಟರ್ ಕಡೆಯವರು ದುಡ್ಡು ಮತ್ತು ಬಾಂಡ್ ಪೇಪರ್ ಹಿಡಿದು ಮನೆಗೆ ಬಂದರೆ ದಯವಿಟ್ಟು ಸಹಿ ಹಾಕಬೇಡಿ. ಎಷ್ಟೇ ಒಳ್ಳೆಯ ಮಾತಾಡಲಿ, ಹಾಕಬೇಡಿ. ನಮ್ಮ ಅಕ್ಕನ ಹತ್ತಿರ ಹಾಕಿಸಿಕೊಂಡರು. ಹೇಳಿಕೊಳ್ಳೋಕೆ ನಾಚಿಕೆ ಆಗುತ್ತದೆ. ಆದರೆ ನಾವು ಸುಮ್ನೆ ಇದ್ದರೆ ನಾಳೆ ಇನ್ನೊಂದು ಮನೆಯಲ್ಲಿ ಇದೇ ಆಟ ಆಡುತ್ತಾರೆ.

ಭಾವ ಸೆಂಟ್ರಿಂಗ್ ಕೆಲಸದವರು. 2022ರಲ್ಲಿ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಸೈಟಿನಲ್ಲಿ ನಾಲ್ಕನೇ ಮಹಡಿಯಿಂದ ಬಿದ್ದರು. ಬೆಲ್ಟ್ ಇರಲಿಲ್ಲ, ಕೆಳಗೆ ಬಲೆ ಇರಲಿಲ್ಲ. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು. ವಯಸ್ಸು 40.

ತಿಥಿ ಮುಗಿದ ಮಾರನೇ ದಿನ ಮೇಸ್ತ್ರಿ ಊರಿಗೆ ಬಂದ. ಜೊತೆಗೆ ಕಂಟ್ರಾಕ್ಟರ್‌ನ ಮ್ಯಾನೇಜರ್. ಭಾವನ ಫೋಟೋಗೆ ಕೈ ಮುಗಿದರು, ಮಕ್ಕಳ ತಲೆ ಸವರಿದರು. ಆಮೇಲೆ ಮ್ಯಾನೇಜರ್ ಒಂದೂವರೆ ಲಕ್ಷದ ಚೆಕ್ ತೆಗೆದ. "ಅಮ್ಮಾ, ಇದು ಸದ್ಯದ ಖರ್ಚಿಗೆ. ಇನ್ಶೂರೆನ್ಸ್ ದುಡ್ಡು ಬೇರೆ ಬರುತ್ತೆ. ಚೆಕ್ ಮುಟ್ಟಿತು ಅಂತ ಇಲ್ಲೊಂದು ಹೆಬ್ಬೆಟ್ಟು ಒತ್ತಿ, ಅಷ್ಟೇ." ಪೇಪರ್ ಪೂರ್ತಿ ಇಂಗ್ಲಿಷ್. ಸಾಕ್ಷಿಯ ಜಾಗದಲ್ಲಿ ನನ್ನ ಸಹಿ. ಜೆರಾಕ್ಸ್ ಕೇಳಿದೆ. "ನೋಟರಿ ಮಾಡಿಸಿ ಕಳಿಸ್ತೀವಿ" ಅಂದರು. ಕಳಿಸಲಿಲ್ಲ.

ಇನ್ಶೂರೆನ್ಸ್ ದುಡ್ಡು ಏನಾಯಿತು ಅಂತ ಫೋನ್ ಮಾಡಿದಾಗೆಲ್ಲ ಒಂದೊಂದು ಉತ್ತರ. "ಫೈಲ್ ಹೋಗಿದೆ." "ಪೋಸ್ಟ್‌ಮಾರ್ಟಂ ರಿಪೋರ್ಟ್ ಬೇಕು." ಕೊಟ್ಟೆವು. "ಹಬ್ಬ ಮುಗಿಯಲಿ." ಒಂದು ವರ್ಷ ದಾಟಿತು. ಕೊನೆಗೆ ನಾನು ಸ್ವಲ್ಪ ಜೋರಾಗಿ ಕೇಳಿದೆ. ಆಗ ಮ್ಯಾನೇಜರ್ ವಾಟ್ಸಾಪ್‌ನಲ್ಲಿ ಆ ಬಾಂಡ್ ಪೇಪರ್‌ನ ಫೋಟೋ ಹಾಕಿದ. ಕೆಳಗೆ ಒಂದೇ ಸಾಲು: "ಎಲ್ಲ ಸೆಟಲ್ ಆಗಿದೆ, ನೀವೇ ಸಾಕ್ಷಿ."

ಕೂತು ಒಂದೊಂದೇ ಸಾಲು ಓದಿದೆ. ಪೂರ್ತಿ ಪರಿಹಾರ ಮುಟ್ಟಿದೆ. ಮುಂದೆ ಯಾವ ಕೋರ್ಟಿಗೂ ಹೋಗುವುದಿಲ್ಲ. ಮತ್ತೆ ಮೂರನೆಯದು: ಅಪಘಾತ ಆಗಿದ್ದು ನನ್ನ ಗಂಡನ ಅಜಾಗರೂಕತೆಯಿಂದಲೇ. ಬೆಲ್ಟ್ ಕೊಡದವರು ಇವರು. ತಪ್ಪು ಭಾವನದು ಅಂತ ಅಕ್ಕನ ಬಾಯಲ್ಲೇ ಹೇಳಿಸಿದ ಹಾಗೆ ಬರೆದು, ಅವಳ ಹೆಬ್ಬೆಟ್ಟನ್ನೇ ಒತ್ತಿಸಿಕೊಂಡಿದ್ದಾರೆ! ದುಡ್ಡಿನದು ಹಾಗಿರಲಿ, ಈ ಸಾಲನ್ನು ಅಕ್ಕನಿಗೆ ಕನ್ನಡದಲ್ಲಿ ಓದಿ ಹೇಳೋಕೆ ನನಗೆ ಇವತ್ತಿಗೂ ಆಗಿಲ್ಲ.

ಪರಿಚಯದವರೊಬ್ಬರು ಕಾರ್ಮಿಕರ ಕೇಸು ನಡೆಸುವ ವಕೀಲರ ಹತ್ತಿರ ಕಳಿಸಿದರು. ಅವರು ಪೇಪರ್ ನೋಡಿ ನಕ್ಕರು. ನೌಕರರ ಪರಿಹಾರ ಕಾಯ್ದೆ ಅಂತ 1923ರದ್ದು, ಭಾವ ತೀರಿಕೊಂಡಾಗ ಜಾರಿಯಲ್ಲಿದ್ದದ್ದು ಅದೇ ಅಂತೆ. ಕೆಲಸದಲ್ಲಿ ಸತ್ತವರ ಪರಿಹಾರವನ್ನು ಮಾಲೀಕರು ಮನೆಯವರ ಕೈಗೆ ಕೊಡುವ ಹಾಗೇ ಇಲ್ಲ. ಇಂಥ ಕೇಸು ತೀರ್ಮಾನಿಸುವ ಪರಿಹಾರ ಆಯುಕ್ತರ ಹತ್ತಿರ ಡೆಪಾಸಿಟ್ ಮಾಡಬೇಕು, ಅವರು ಹೆಂಡತಿ ಮಕ್ಕಳಿಗೆ ಹಂಚುತ್ತಾರೆ. ಕೈಗೆ ಕೊಟ್ಟದ್ದು ಪರಿಹಾರ ಅಂತ ಲೆಕ್ಕಕ್ಕೇ ಬರಲ್ಲ. ಹೆಚ್ಚೆಂದರೆ ಮೂರು ತಿಂಗಳ ಸಂಬಳದಷ್ಟನ್ನು ಮುಂಗಡ ಅಂತ ಪರಿಹಾರದ ಮೊತ್ತದಲ್ಲಿ ಕಳೆಯಬಹುದು. ಹಕ್ಕು ಬಿಟ್ಟುಕೊಟ್ಟೆ ಅಂತ ಬರೆಸಿಕೊಂಡ ಕರಾರಿಗೂ ಬೆಲೆ ಇಲ್ಲ.

ಆಮೇಲೆ ಲೆಕ್ಕ ಹಾಕಿ ತೋರಿಸಿದರು. ತಿಂಗಳಿಗೆ ಎಷ್ಟೇ ದುಡಿದಿದ್ದರೂ ಆಗ ಲೆಕ್ಕಕ್ಕೆ ಹಿಡಿಯುತ್ತಿದ್ದದ್ದು 15,000 ರೂಪಾಯಿವರೆಗೆ, ಇದು 2020ರ ಜನವರಿಯಿಂದ ಇದ್ದ ಮಿತಿ. ಸಾವಾದರೆ ಅದರ ಅರ್ಧ, ಅಂದರೆ 7,500. ವಯಸ್ಸಿಗೆ ತಕ್ಕ ಹಾಗೆ ಕಾಯ್ದೆಯಲ್ಲಿ ಒಂದು ಪಟ್ಟಿ ಇದೆ, 40ಕ್ಕೆ 184.17. ಗುಣಿಸಿದರೆ 13,81,275 ರೂಪಾಯಿ. ಇವರು ಕೊಟ್ಟದ್ದು ಒಂದೂವರೆ ಲಕ್ಷ. ಒಂದು ತಿಂಗಳೊಳಗೆ ಕಟ್ಟದಿದ್ದರೆ ವರ್ಷಕ್ಕೆ ಶೇ. 12 ಬಡ್ಡಿ ಬೇರೆ. ಸರಿಯಾದ ಕಾರಣ ಇಲ್ಲದೆ ತಡ ಮಾಡಿದ್ದರೆ ಶೇ. 50ರವರೆಗೆ ದಂಡವನ್ನೂ ಹಾಕಬಹುದು.

ನೋಟಿಸ್ ಕೊಟ್ಟ ಮೇಲೆ ಅವರ ಮಾತು ನೋಡಬೇಕಿತ್ತು. ಮೊದಲು "ಅವನು ನಮ್ಮ ಕೆಲಸದವನೇ ಅಲ್ಲ, ಮೇಸ್ತ್ರಿ ಕರೆತಂದವನು" ಅಂದರು. ಯಾರ ಕಟ್ಟಡದ ಕೆಲಸವೋ ಅವರೂ ಹೊಣೆ, ಮೇಸ್ತ್ರಿ ನೆಪ ನಡೆಯಲ್ಲ. ಆಮೇಲೆ "ಕುಡಿದಿದ್ದ" ಅಂದರು. ಭಾವ ಒಂದು ದಿನವೂ ಮುಟ್ಟಿದವರಲ್ಲ. ಮುಟ್ಟಿದ್ದರೂ ಸಾವಿನ ಪ್ರಕರಣದಲ್ಲಿ ಆ ವಾದ ಕಾಯ್ದೆಯಲ್ಲಿ ನಿಲ್ಲುವುದಿಲ್ಲ. ಅದೂ ನಡೆಯದೆ ಹೋದಾಗ "ಲೇಬರ್ ಕಾರ್ಡ್ ಮಾಡಿಸಿರಲಿಲ್ಲ, ಏನೂ ಬರಲ್ಲ" ಅಂದರು. ಕಾರ್ಡ್ ಇದ್ದರೆ ಸಿಗುವುದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಸಹಾಯ. ಅದು ಬೇರೆ, ಮಾಲೀಕ ಕೊಡಬೇಕಾದ ಪರಿಹಾರ ಬೇರೆ. ಗೊತ್ತಿದ್ದೂ ಹೇಳುತ್ತಾರೆ, ಅದೇ ಸಿಟ್ಟು.

ಒಂದು ವರ್ಷ ಯಾಕೆ ಎಳೆದರು ಅಂತ ಆಮೇಲೆ ಅರ್ಥವಾಯಿತು. ಅರ್ಜಿ ಹಾಕೋಕೆ ಸಾವಾದ ದಿನದಿಂದ ಎರಡೇ ವರ್ಷ. ಸರಿಯಾದ ಕಾರಣ ತೋರಿಸಿದರೆ ತಡವಾದದ್ದನ್ನೂ ತೆಗೆದುಕೊಳ್ಳಬಹುದು, ಆದರೆ ಅದನ್ನೇ ನಂಬಿ ಕೂರಬೇಡಿ. "ಹಬ್ಬ ಮುಗಿಯಲಿ" ಅಂತ ಹೇಳುವವನು ಯಾವ ತಾರೀಕಿಗೆ ಕಾಯುತ್ತಿದ್ದಾನೆ ಅಂತ ನೀವೂ ಲೆಕ್ಕ ಇಡಿ. ನಾವು ಅವಧಿಯೊಳಗೇ ಹಾಕಿದೆವು. "ಕೇಸು ಹಾಕಿದರೆ ಬೆಂಗಳೂರಿಗೆ ಅಲೆದು ಸಾಯ್ತೀರ" ಅಂತ ಹೆದರಿಸಿದ್ದರು. ಅದೂ ಸುಳ್ಳು. ನಾವಿರುವ ಜಿಲ್ಲೆಯಲ್ಲೇ ಹಾಕಬಹುದು, ಹಾಗೇ ಹಾಕಿದ್ದೇವೆ.

ಎಫ್‌ಐಆರ್ ಮತ್ತು ಪೋಸ್ಟ್‌ಮಾರ್ಟಂ ಪ್ರತಿ ತಕ್ಷಣ ತೆಗೆದಿಟ್ಟುಕೊಳ್ಳಿ. ಎಫ್‌ಐಆರ್‌ನಲ್ಲಿ ಸೈಟಿನ ವಿಳಾಸ, ಕಂಟ್ರಾಕ್ಟರ್ ಹೆಸರು ಇದೆಯಾ ನೋಡಿ. ಭಾವನ ಬಟವಾಡೆ ಫೋನ್‌ಪೇಯಲ್ಲಿ ಬರುತ್ತಿತ್ತು. ಆ ದಾಖಲೆ ಇಲ್ಲದಿದ್ದರೆ "ನಮ್ಮವನಲ್ಲ" ಅನ್ನುವ ಮಾತು ಗಟ್ಟಿಯಾಗುತ್ತಿತ್ತು. ಸತ್ತವರ ಮೊಬೈಲ್ ಅನ್ನು ಯಾರಿಗೂ ಕೊಡಬೇಡಿ, ಮೇಸ್ತ್ರಿಗಂತೂ ಬೇಡವೇ ಬೇಡ. ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇದ್ದರೆ ದಾರಿ ಬೇರೆ, ಅಲ್ಲಿ ಅವಲಂಬಿತರಿಗೆ ತಿಂಗಳು ತಿಂಗಳು ಹಣ ಬರುತ್ತದೆ. 2025ರ ನವೆಂಬರ್‌ನಿಂದ ಆ ಹಳೆಯ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಅದರಲ್ಲೂ ಪರಿಹಾರಕ್ಕೇ ಒಂದು ಅಧ್ಯಾಯ ಇದೆ, ಹೊಸ ಪ್ರಕರಣ ಆದರೆ ಈಗಿನ ನಿಯಮ ಏನು ಅಂತ ವಕೀಲರಲ್ಲಿ ಕೇಳಿ.

ಕೇಸು ಇನ್ನೂ ನಡೆಯುತ್ತಿದೆ. ಮೊನ್ನೆ ಮೇಸ್ತ್ರಿ ಫೋನ್ ಮಾಡಿದ್ದ. "ಅಣ್ಣಾ, ಇನ್ನೊಂದು ಲಕ್ಷ ಕೊಡಿಸ್ತೀನಿ, ಕೇಸು ವಾಪಸ್ ತಗೊಳ್ಳಿ. ಮನೆಗೇ ಬಂದು ಕೊಡ್ತೀವಿ." ಮನೆಗೆ ಬರಬೇಡ, ಎಷ್ಟು ಕೊಡಬೇಕೋ ಅಷ್ಟನ್ನೂ ಆಯುಕ್ತರ ಹತ್ತಿರ ಕಟ್ಟು ಅಂದೆ. "ಯಾರೋ ನಿಮ್ಮ ತಲೆ ಕೆಡಿಸಿದ್ದಾರೆ" ಅಂದು ಫೋನ್ ಇಟ್ಟ.