ಇಂಜಿನ್ ಮೌಂಟಿಂಗ್ ಬದಲಿಸಿ ಮೂರು ವರ್ಷ: ಕೊಡಗಿನ ಏರು ರಸ್ತೆಯಲ್ಲಿ 43,000 ಕಿ.ಮೀ. ಓಡಿಸಿದ ಮೇಲೆ

ನಮ್ಮದು 2014ರ ಡೀಸೆಲ್ ಸೆಡಾನ್. ಮನೆ ಸುಂಟಿಕೊಪ್ಪದ ಹತ್ತಿರ, ನನ್ನ ಕೆಲಸ ಮಡಿಕೇರಿಯ ಶಾಲೆಯಲ್ಲಿ. ದಿನಾ ಹೋಗಿ ಬರಲು 30 ಕಿ.ಮೀ. ಆಗುತ್ತದೆ. ಎರಡು ತಿಂಗಳಿಗೊಮ್ಮೆ ಅತ್ತೆಯನ್ನು ಬೆನ್ನಿನ ತಪಾಸಣೆಗೆ ಮೈಸೂರಿಗೆ ಕರೆದುಕೊಂಡು ಹೋಗಬೇಕು. ತವರು ಸುಳ್ಯದಲ್ಲಿ, ಆ ಕಡೆಯೂ ಓಡಾಟ ಇದ್ದೇ ಇದೆ. ಇಂಜಿನ್ನನ್ನು ಗಾಡಿಯ ಬಾಡಿಗೆ ಹಿಡಿದಿಡುವ, ರಬ್ಬರ್ ಇರುವ ಭಾಗಗಳೇ ಇಂಜಿನ್ ಮೌಂಟಿಂಗ್. ಈ ಗಾಡಿಯ ಮೂರೂ ಇಂಜಿನ್ ಮೌಂಟಿಂಗ್‌ಗಳನ್ನು 2022ರ ಡಿಸೆಂಬರ್‌ನಲ್ಲಿ ಬದಲಿಸಿದೆವು. ಆಗ ಮೀಟರ್ 1,15,000 ತೋರಿಸುತ್ತಿತ್ತು, ಈಗ 1,58,000. ಇಷ್ಟು ಓಡಿಸಿದ ಮೇಲೆ ಬರೆದರೆ ನಾಲ್ಕು ಜನಕ್ಕೆ ಉಪಯೋಗವಾದೀತು ಅನ್ನಿಸಿತು.

ತೊಂದರೆಯನ್ನು ಮೊದಲು ಹಿಡಿದದ್ದು ಅತ್ತೆ. 2021ರ ಮಳೆಗಾಲ ಶುರುವಾದ ಹೊತ್ತು. ಮೈಸೂರಿನಿಂದ ಬರುವಾಗ ಕುಶಾಲನಗರದ ಪೇಟೆಯಲ್ಲಿ ಗಾಡಿ ನಿಂತಿತ್ತು. "ಓಡುವಾಗ ಏನೂ ಇಲ್ಲ ಮಗಾ, ನಿಂತಾಗಲೇ ಬೆನ್ನು ನೋಯ್ತದೆ" ಅಂದರು. ರಸ್ತೆ ಹಾಳಾಗಿರುವುದಕ್ಕೆ ಹೀಗಾಗುತ್ತಿದೆ ಎಂದು ನಾವು ಅಂದುಕೊಂಡಿದ್ದೆವು. ಅವರ ಮಾತು ಕೇಳಿದ ಮೇಲೆ ಗಮನಿಸಿದೆ. ಇಂಜಿನ್ ಸ್ಲೋ ರನ್ನಿಂಗ್‌ನಲ್ಲಿ ಇದ್ದರೆ ಸೀಟು ನಡುಗುತ್ತಿತ್ತು. ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಡಿಯ ನಂಬರು ಓದಲು ಆಗುತ್ತಿರಲಿಲ್ಲ. ಎಸಿ ಹಾಕಿದರೆ ಇನ್ನೂ ಜಾಸ್ತಿ. ಎಕ್ಸಲರೇಟರ್ ಸ್ವಲ್ಪ ಒತ್ತಿ ಇಂಜಿನ್ ನಿಮಿಷಕ್ಕೆ 1,200 ಸುತ್ತಿಗೆ ಏರಿದರೆ ನಡುಕ ಹೋಗುತ್ತಿತ್ತು.

ಇನ್ನೊಂದು ಗುರುತು ನಮ್ಮ ಮನೆಯ ಅಂಗಳದಲ್ಲೇ ಸಿಕ್ಕಿತು. ಇಲ್ಲಿನ ಹೆಚ್ಚಿನ ಮನೆಗಳಂತೆ ನಮ್ಮದೂ ಇಳಿಜಾರಿನಲ್ಲಿದೆ. ಬೆಳಿಗ್ಗೆ ಗಾಡಿಯನ್ನು ರಿವರ್ಸ್‌ನಲ್ಲಿ ಏರಿಸಿಯೇ ಗೇಟು ದಾಟಬೇಕು. ಕ್ಲಚ್ ಬಿಡುತ್ತಿದ್ದ ಹಾಗೇ ಕೆಳಗಿನಿಂದ 'ಢಬ್' ಅಂತ ಒಂದು ಏಟು. ಮುಂದಕ್ಕೆ ಒಂದನೇ ಗೇರ್ ಹಾಕಿದಾಗ ಮತ್ತೊಂದು. ಗೇರ್ ಲಿವರ್ ಕೂಡ ಒಮ್ಮೆ ಹಿಂದೆ, ಒಮ್ಮೆ ಮುಂದೆ ಜಗ್ಗುತ್ತಿತ್ತು.

ಒಂದು ದೊಡ್ಡ ಸರ್ವಿಸ್ ಸೆಂಟರ್‌ಗೆ ತೋರಿಸಿದೆವು. ಚಕ್ರದ ಬ್ಯಾಲೆನ್ಸಿಂಗ್ ಮಾಡಿದರು, ಇಂಜೆಕ್ಟರ್ ತೊಳೆದರು. ನಡುಕ ಹಾಗೇ ಇತ್ತು. ಕೊನೆಗೆ ಕ್ಲಚ್ ಸೆಟ್ ಹೋಗಿದೆ, 24,000 ರೂಪಾಯಿ ಆಗುತ್ತದೆ ಅಂದರು. ಇಂಜಿನ್ ಹೇಗೆ ಅಲುಗಾಡುತ್ತದೆ ಎಂದು ಬಾನೆಟ್ ತೆಗೆದು ಯಾರೂ ನೋಡಲಿಲ್ಲ. ನನಗೆ ಇವತ್ತಿಗೂ ಬೇಸರ ಇರುವುದು ಅದೊಂದಕ್ಕೇ. ಎರಡು ನಿಮಿಷದ ಕೆಲಸ ಅದು.

ಆ ಎರಡು ನಿಮಿಷದ ಕೆಲಸವನ್ನು ಮಾಡಿದ್ದು ನಮ್ಮೂರಿನ ಸಣ್ಣ ಗ್ಯಾರೇಜಿನ ಮೆಕ್ಯಾನಿಕ್. ಎಲ್ಲರೂ ಅವರನ್ನು ಚೇಟ ಎಂದೇ ಕರೆಯುತ್ತಾರೆ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆಸಿ, ಬಾನೆಟ್ ತೆಗೆದರು. ನಮ್ಮ ಯಜಮಾನರನ್ನು ಒಳಗೆ ಕೂರಿಸಿ ಬ್ರೇಕನ್ನು ಗಟ್ಟಿಯಾಗಿ ಒತ್ತಿಕೊಳ್ಳಲು ಹೇಳಿದರು. ನನ್ನನ್ನು ಬದಿಗೆ ಸರಿಸಿದರು. "ಮುಂದೆ ಯಾರೂ ನಿಲ್ಲಬಾರದು ಟೀಚರೇ, ಕಾಲು ಜಾರಿದರೆ ಗಾಡಿ ಹಾರ್ತದೆ." ಆಮೇಲೆ ಒಂದನೇ ಗೇರ್ ಹಾಕಿ ಕ್ಲಚ್ಚನ್ನು ಕಚ್ಚುವವರೆಗೆ ಮಾತ್ರ ಬಿಡಿಸಿದರು. ಇಂಜಿನ್ ಎದ್ದು ಹಿಂದಕ್ಕೆ ವಾಲಿತು. ರಿವರ್ಸ್ ಹಾಕಿ ಹಾಗೇ ಮಾಡಿದಾಗ ಮುಂದಕ್ಕೆ ಬಿತ್ತು. ಸ್ವಲ್ಪ ಅಲುಗಾಡುವುದು ಸಹಜ, ಅದಕ್ಕೇ ರಬ್ಬರ್ ಇರುವುದು. ನಮ್ಮದು ಎರಡು ಬೆರಳಿಗಿಂತ ಜಾಸ್ತಿ ಎದ್ದು ಬೀಳುತ್ತಿತ್ತು.

ಯಾಕೆ ಹೀಗೆ ಎಂದು ಅವರೇ ಕೈಯಲ್ಲಿ ತೋರಿಸಿ ಹೇಳಿದರು. ಇಂಜಿನ್ ಚಕ್ರವನ್ನು ಒಂದು ಕಡೆ ತಿರುಗಿಸುವಾಗ ತಾನು ಇನ್ನೊಂದು ಕಡೆ ತಿರುಗಲು ನೋಡುತ್ತದೆ. ಅದನ್ನು ಹಿಡಿದಿಡುವುದು ಮೌಂಟಿಂಗ್. ಮುಂದಿನ ಚಕ್ರ ಎಳೆಯುವ ನಮ್ಮಂಥ ಗಾಡಿಗಳಲ್ಲಿ ಇಂಜಿನ್ ಅಡ್ಡ ಕೂತಿರುತ್ತದೆ. ನಮ್ಮ ಗಾಡಿಯಲ್ಲಿ ಬಲಗಡೆ ಇಂಜಿನ್ನಿಗೆ ಒಂದು ಮೌಂಟಿಂಗ್, ಎಡಗಡೆ ಗೇರ್ ಬಾಕ್ಸಿಗೆ ಒಂದು. ಭಾರ ಹೊರುವುದು ಇವೆರಡು. ಕೆಳಗೆ ಹಿಂಬದಿಗೆ ಒಂದು ಗಿಡ್ಡ ಟಾರ್ಕ್ ರಾಡ್, ಎರಡೂ ತುದಿಗೆ ಬುಷ್, ಅಂದರೆ ರಬ್ಬರ್ ಬಳೆ. ಅದು ಭಾರ ಹೊರುವುದಿಲ್ಲ, ವಾಲುವುದನ್ನು ತಡೆಯುತ್ತದೆ. ಕೆಲವು ಗಾಡಿಗಳಲ್ಲಿ ನಾಲ್ಕು ಇರುತ್ತವೆ. ಕೆಳಗಿನ ಗೇರ್‌ಗಳಲ್ಲಿ, ಅದರಲ್ಲೂ ಏರಿನಲ್ಲಿ, ಈ ತಿರುಚುವ ಬಲ ತುಂಬಾ ಜಾಸ್ತಿ. ಬಯಲು ಸೀಮೆಯಲ್ಲಿ ನಾಲ್ಕನೇ ಗೇರ್‌ನಲ್ಲಿ ಓಡುವ ಗಾಡಿಗೂ, ದಿನಾ ರಿವರ್ಸ್‌ನಲ್ಲಿ ಹಾಫ್ ಕ್ಲಚ್ ಹಿಡಿದು ಅಂಗಳ ಏರುವ ಗಾಡಿಗೂ ವ್ಯತ್ಯಾಸ ಇರದೇ ಇರುತ್ತದಾ? ನನಗೆ 2018 ನೆನಪಾಯಿತು. ಆ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಬಂದ್ ಆದಾಗ ಸುಳ್ಯಕ್ಕೆ ಭಾಗಮಂಡಲ, ಕರಿಕೆ ಮೇಲಾಗಿ ಎಷ್ಟು ಸಲ ಹೋಗಿದ್ದೆವೋ. ಆ ಕಿರಿದಾದ ತಿರುವುಗಳಲ್ಲಿ ಒಂದು, ಎರಡನೇ ಗೇರ್ ಬಿಟ್ಟರೆ ಬೇರೆ ಇರಲಿಲ್ಲ.

ಬಲಗಡೆಯ ಮೌಂಟಿಂಗ್‌ನ ಮೇಲೆ ಟಾರ್ಚ್ ಹಾಕಿದರು. ನಮ್ಮದರಲ್ಲಿ ಅದು ಬರೀ ರಬ್ಬರ್ ಅಲ್ಲ, ಒಳಗೆ ದ್ರವ ತುಂಬಿದ ಬಗೆ. ನಡುಕವನ್ನು ಆ ದ್ರವ ನುಂಗುತ್ತದೆ. ರಬ್ಬರ್ ಹರಿದು ದ್ರವ ಸೋರಿ, ಕೆಳಗಿನ ಕಬ್ಬಿಣದ ಮೇಲೆ ಕಪ್ಪು ಗೆರೆ ಒಣಗಿ ನಿಂತಿತ್ತು. ಅದರ ಮೇಲ್ಗಡೆ ಟ್ಯಾಪೆಟ್ ಕವರ್ (ಇಂಜಿನ್ನಿನ ಮೇಲಿನ ಮುಚ್ಚಳ) ಪ್ಯಾಕಿಂಗ್‌ನಿಂದ ಇಂಜಿನ್ ಆಯಿಲ್ ಜಿನುಗುತ್ತಿತ್ತು. ಆಯಿಲ್ ತಾಗಿದರೆ ರಬ್ಬರ್ ಊದಿ ಮೆತ್ತಗಾಗುತ್ತದೆ.

ಬೇರೆ ಕಾರಣಗಳನ್ನೂ ಅವರು ಸುಮ್ನೆ ಬಿಡಲಿಲ್ಲ. ವೇಗ 80 ದಾಟಿದ ಮೇಲೆ ಮಾತ್ರ ಸ್ಟೇರಿಂಗ್ ನಡುಗಿದರೆ ಚಕ್ರದ ಬ್ಯಾಲೆನ್ಸ್ ನೋಡಬೇಕು. ಪೂರ್ತಿ ತಿರುಗಿಸಿದಾಗ ಕಟಕಟ ಅಂದರೆ ಎಕ್ಸೆಲ್ ಜಾಯಿಂಟ್. ನಿಂತಾಗಿನ ನಡುಕ ಒಂದೇ ಸಮ ಇರದೆ ತಪ್ಪಿ ತಪ್ಪಿ ಬಂದರೆ ಒಂದು ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಸೈಲೆನ್ಸರ್ ಪೈಪಿನ ರಬ್ಬರ್ ತುಂಡಾಗಿ ಪೈಪು ಬಾಡಿಗೆ ತಾಗಿದರೂ ಇಂಥದೇ ಸದ್ದು ಬರುತ್ತದೆ. ಕ್ಲಚ್ ಬಿಡುವ ಕ್ಷಣದಲ್ಲಿ ಮಾತ್ರ ಗಾಡಿ ಥರಥರ ಅಂದು ಆಮೇಲೆ ಸರಿಯಾದರೆ ಕ್ಲಚ್ ಮೇಲೆ ಅನುಮಾನ ಪಡಬಹುದು. ನಮ್ಮದು ಗೇರ್ ಹಾಕದೇ ನಿಂತಾಗಲೂ ನಡುಗುತ್ತಿತ್ತಲ್ವಾ, ಹಾಗಾಗಿ ಕ್ಲಚ್ ಬಿಚ್ಚಿಸುವ ಮಾತೇ ಬೇಡ ಅಂದರು. ಅದೇ ಹಳೇ ಕ್ಲಚ್ ಈಗಲೂ ಓಡುತ್ತಿದೆ.

ಇಲ್ಲಿ ನಾವು ಒಂದು ತಪ್ಪು ಮಾಡಿದೆವು. ಚೇಟ ಮೂರನ್ನೂ ಹಾಕಿಸಿ ಅಂದಿದ್ದರು. ಕೋವಿಡ್ ಕಾಲ, ಕೈಯಲ್ಲಿ ದುಡ್ಡಿರಲಿಲ್ಲ. ಬಲಗಡೆಯದು ಒಂದನ್ನೇ, ಅದೂ 1,150 ರೂಪಾಯಿಯ ಲೋಕಲ್ ಮಾಲನ್ನು 2021ರ ಸೆಪ್ಟೆಂಬರ್‌ನಲ್ಲಿ ಹಾಕಿಸಿದೆವು. ಆ ಡಬ್ಬಿಯ ಮೇಲೆ ತಯಾರಕರ ಹೆಸರೇ ಇರಲಿಲ್ಲ. ಒಳಗೆ ದ್ರವವೂ ಇರಲಿಲ್ಲ, ಬರೀ ಗಟ್ಟಿ ರಬ್ಬರ್. ಢಬ್ ಅನ್ನುವ ಏಟು ಕಡಿಮೆಯಾಯಿತು, ಆದರೆ ನಿಂತಾಗಿನ ನಡುಕ ಪೂರ್ತಿ ಹೋಗಲಿಲ್ಲ. ಅತ್ತೆ ಒಂದು ದಿಂಬು ಇಟ್ಟುಕೊಂಡು ಕೂರುತ್ತಿದ್ದರು. ಹದಿಮೂರು ತಿಂಗಳಿಗೆ ಅದರ ರಬ್ಬರ್ ಕಬ್ಬಿಣದಿಂದ ಕಿತ್ತು ಬಂತು. ಮಾಲು ಕಳಪೆ ಅನ್ನುವುದು ಒಂದು ಕಾರಣ. ಪಕ್ಕದ ಎರಡು ಹಳೆಯವು ಸೋತಿದ್ದರಿಂದ ಭಾರವೆಲ್ಲ ಹೊಸದರ ಮೇಲೆ ಬಿತ್ತು ಅನ್ನುವುದು ಇನ್ನೊಂದು.

ಎರಡನೇ ಸಲ ಗಾಡಿ ಕಂಪನಿಯ ಒರಿಜಿನಲ್ ಭಾಗಗಳನ್ನೇ ಮೈಸೂರಿನಿಂದ ತರಿಸಿದೆವು. ಬಲಗಡೆಯದು 3,100, ಎಡಗಡೆಯದು 1,650, ಟಾರ್ಕ್ ರಾಡ್ 1,350. ಟ್ಯಾಪೆಟ್ ಕವರ್ ಪ್ಯಾಕಿಂಗ್ 450. ಕೂಲಿ 1,800. ಎಲ್ಲ ಸೇರಿ 8,350 ರೂಪಾಯಿ.

ಕೆಲಸ ನಡೆಯುವಾಗ ನಾನು ಅಲ್ಲೇ ಇದ್ದೆ, ಬೆಳಿಗ್ಗೆ ಹತ್ತರಿಂದ ಮೂರರವರೆಗೆ. ಹಿಂದಿನ ಸಂಜೆಯೇ ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಟ್ಟಿದ್ದರು. ನಮ್ಮ ಮಳೆಗೆ ಕೆಳಗಿನ ಬೋಲ್ಟ್ ಕಚ್ಚಿಕೊಂಡಿರುತ್ತದೆ, ಅವಸರ ಮಾಡಿದರೆ ತಲೆ ತುಂಡಾಗುತ್ತದೆ. ಆ ಸ್ಪ್ರೇ ಹೊಸ ರಬ್ಬರಿಗೆ ತಾಗಬಾರದು ಎಂದು ಬೆಳಿಗ್ಗೆ ಎಲ್ಲ ಒರೆಸಿ ತೆಗೆದರು. ಎಡಗಡೆಯದಕ್ಕೆ ಕೈ ಹೋಗಲು ಬ್ಯಾಟರಿ, ಅದರ ತಟ್ಟೆ ಬಿಚ್ಚಬೇಕಾಯಿತು. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಇಂಜಿನ್ ಕೆಳಗೆ ಬೇರೆ ಜಾಕಿ ಕೊಟ್ಟರು. ಜಾಕಿಯನ್ನು ನೇರವಾಗಿ ಆಯಿಲ್ ಚೇಂಬರಿಗೆ ಕೊಡಲಿಲ್ಲ, ಅದು ತೆಳು ತಗಡು, ನೆಗ್ಗಿ ಹೋಗುತ್ತದೆ. ನಡುವೆ ಅಗಲವಾದ ಸಿಲ್ವರ್ ಓಕ್ ಹಲಗೆಯ ತುಂಡು ಇಟ್ಟರು. ಇಂಜಿನ್ನಿನ ಭಾರ ಹಲಗೆಯ ಮೇಲೆ ಬಂದ ಮೇಲಷ್ಟೇ ಬೋಲ್ಟಿಗೆ ಸ್ಪ್ಯಾನರ್ ಹಾಕಿದ್ದು. ಒಂದು ಬಿಚ್ಚಿ ಹೊಸದನ್ನು ಕೂರಿಸಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಿದ್ದು. ಮೂರನ್ನೂ ಒಟ್ಟಿಗೆ ಬಿಚ್ಚಿದರೆ ಇಂಜಿನ್ ಜಾರಿ ಎಕ್ಸೆಲ್, ಪೈಪುಗಳ ಮೇಲೆ ಎಳೆತ ಬೀಳುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಬಿಗಿ ಮಾಡಿದ ರೀತಿ. ಎಲ್ಲ ಬೋಲ್ಟ್‌ಗಳನ್ನೂ ಮೊದಲು ಕೈಯಲ್ಲೇ ಹಿಡಿಸಿದರು. ಜಾಕಿ ಇಳಿಸಿ, ಗಾಡಿಯನ್ನು ನೆಲಕ್ಕೆ ಬಿಟ್ಟು, ಇಂಜಿನ್ ತನ್ನ ಭಾರಕ್ಕೆ ತಾನೇ ಕೂರುವ ಹಾಗೆ ಬದಿಯಿಂದ ಎರಡು ಸಲ ಅಲುಗಾಡಿಸಿದರು. ಆಮೇಲೆ ಟಾರ್ಕ್ ವ್ರೆಂಚ್ (ಎಷ್ಟು ಬಿಗಿಯಾಯಿತು ಎಂದು ಅಳೆಯುವ ಸ್ಪ್ಯಾನರ್) ತೆಗೆದು ಕಂಪನಿಯ ಪುಸ್ತಕದಲ್ಲಿರುವ ಅಳತೆಗೆ ಒಂದೊಂದನ್ನೇ ಬಿಗಿದರು. ಟಾರ್ಕ್ ರಾಡ್ ಕೊನೆಗೆ. ಇಂಜಿನ್ ಓರೆ ಇರುವಾಗಲೇ ಬಿಗಿದರೆ ರಬ್ಬರ್ ಮೊದಲ ದಿನದಿಂದಲೇ ತಿರುಚಿಕೊಂಡು ನಿಲ್ಲುತ್ತದೆ. ಒರಿಜಿನಲ್ ಹಾಕಿದರೂ ನಡುಕ ಹೋಗಲಿಲ್ಲ ಎಂದು ದೂರುವ ಪರಿಚಯದವರನ್ನು ಕೇಳಿದ್ದೇನೆ. ಗ್ಯಾರೇಜಿನವರು ಗಾಳಿ ಗನ್ನಿನಲ್ಲಿ ಒಂದೇ ಏಟಿಗೆ ಬಿಗಿದು ಕೊಟ್ಟಿರುತ್ತಾರೆ. ಭಾಗಕ್ಕೆ ಎಷ್ಟು ದುಡ್ಡು ಕೊಟ್ಟಿರಿ ಅನ್ನುವುದಕ್ಕಿಂತ ಬೋಲ್ಟ್ ಬಿಗಿಯುವಾಗ ಯಾರು ಎಷ್ಟು ತಾಳ್ಮೆ ತೋರಿಸಿದರು ಅನ್ನುವುದು ಇಲ್ಲಿ ಜಾಸ್ತಿ ಲೆಕ್ಕಕ್ಕೆ ಬರುತ್ತದೆ.

ಆ ಸಂಜೆ ಮನೆಗೆ ಬಂದು ಅಂಗಳದಲ್ಲಿ ಗಾಡಿ ಚಾಲೂ ಇಟ್ಟು ಅತ್ತೆಯನ್ನು ಕರೆದೆ. ಅವರು ಕೂತು, "ಆಫ್ ಮಾಡಿದ್ದೀಯಾ?" ಎಂದು ಕೇಳಿದರು.

ಮೂರು ವರ್ಷದಲ್ಲಿ ಹೇಗಿದೆ ಎಂದರೆ, ಮೊದಲ ವಾರ ಸ್ವಲ್ಪ ಗಟ್ಟಿ ಅನ್ನಿಸಿತು, ಆಮೇಲೆ ಹೊಂದಿಕೊಂಡಿತು. ಕನ್ನಡಿ ಈಗಲೂ ಅಲ್ಲಾಡದೆ ನಿಲ್ಲುತ್ತದೆ. ಗೇರ್ ಹಗುರವಾಗಿ ಬೀಳುತ್ತದೆ, ಇದನ್ನು ನಾನು ನಿರೀಕ್ಷಿಸಿಯೇ ಇರಲಿಲ್ಲ. ದಿಂಬು ಮನೆಯಲ್ಲೇ ಇದೆ. ಮೈಲೇಜ್ ಏನೂ ಬದಲಾಗಲಿಲ್ಲ, ಬದಲಾಗಬೇಕಾದ ವಿಷಯವೂ ಅಲ್ಲ. ಆಟೋಕ್ರಾಸ್ (ಮಣ್ಣಿನ ಟ್ರ್ಯಾಕಿನ ಕಾರು ಸ್ಪರ್ಧೆ) ಓಡಿಸುವ ಹುಡುಗರೊಬ್ಬರು ರಬ್ಬರ್ ಬದಲು ಪಾಲಿಯುರೆಥೇನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಮೌಂಟಿಂಗ್ ಹಾಕಿಸಿ, ಹರಿಯುವುದೇ ಇಲ್ಲ ಅಂದಿದ್ದರು. ಅವರ ಗಾಡಿಯಲ್ಲಿ ಒಂದು ಸುತ್ತು ಕೂತು ನೋಡಿದೆ. ಇಂಜಿನ್ ಅಲ್ಲಾಡುವುದಿಲ್ಲ ನಿಜ, ಆದರೆ ನಡುಕವೆಲ್ಲ ನೇರ ಸೀಟಿಗೆ ಬರುತ್ತದೆ. ಬೆನ್ನು ನೋವಿನ ಹಿರಿಯರು ಕೂರುವ ಗಾಡಿಗೆ ನಾನಂತೂ ಹೇಳುವುದಿಲ್ಲ.

ನಾವೂ ಸ್ವಲ್ಪ ಬದಲಾದೆವು. ಗೇಟಿನ ಹತ್ತಿರ ಮಣ್ಣು ತೆಗೆಸಿ ಗಾಡಿ ತಿರುಗಿಸುವಷ್ಟು ಜಾಗ ಮಾಡಿಕೊಂಡೆವು. ಈಗ ರಿವರ್ಸ್‌ನಲ್ಲಿ ಏರಿಸುವುದಿಲ್ಲ. ವರ್ಷಕ್ಕೆ ಎರಡು ಸಲ, ಮಳೆಗೆ ಮೊದಲು ಮತ್ತು ಮಳೆ ಮುಗಿದ ಮೇಲೆ, ಚೇಟ ಕಲಿಸಿದ ಪರೀಕ್ಷೆಯನ್ನು ಯಜಮಾನರೂ ನಾನೂ ಮಾಡುತ್ತೇವೆ. ಅವರು ಕ್ಲಚ್ ಮೇಲೆ, ನಾನು ಬದಿಯಲ್ಲಿ ಟಾರ್ಚ್ ಹಿಡಿದು.

ಈ ಸಲ ಮಳೆ ಮುಗಿದ ಮೇಲೆ ನೋಡಿದಾಗ ಬಲ, ಎಡ ಎರಡೂ ಚೆನ್ನಾಗಿವೆ. ಎಲ್ಲೂ ದ್ರವದ ಗುರುತಿಲ್ಲ, ಟ್ಯಾಪೆಟ್ ಕವರ್ ಒಣಗಿದೆ. ಟಾರ್ಕ್ ರಾಡಿನ ದೊಡ್ಡ ಬುಷ್‌ನಲ್ಲಿ ಮಾತ್ರ ಕೂದಲೆಳೆಯಷ್ಟು ಬಿರುಕು ಕಂಡಿತು. ಸದ್ದು ಇನ್ನೂ ಇಲ್ಲ. ಚೇಟನಿಗೆ ತೋರಿಸಿದೆ. "ಇನ್ನೊಂದು ಮಳೆಗಾಲ ಬೇಡ ಟೀಚರೇ, ಅದೊಂದು ತರಿಸಿ ಇಡಿ" ಅಂದರು. ಈಗ ಅದಕ್ಕೆ 1,520 ರೂಪಾಯಿ ಆಗಿದೆ. ತರಿಸಿ ಇಟ್ಟಿದ್ದೇವೆ, ಕಾಫಿ ಕೊಯ್ಲು ಮುಗಿದ ವಾರ ಹಾಕಿಸುತ್ತೇವೆ.